ಯಾವ ಟಿವಿಯಲ್ಲಿ ಆಡಿದಿರಿ?

ಹಳಗನ್ನಡ ಕಾವ್ಯವೊಂದರ ಮೇಲೆ ಪ್ರಬಂಧ ಬರೆದು ಮೇಷ್ಟ್ರ ಮುಂದಿಟ್ಟರೆ ಅವರು ಕೇಳುವ ಮೊದಲ ಪ್ರಶ್ನೆ, ‘ಯಾವ ಆವೃತ್ತಿ ಓದಿದೆ? ಸಂಪಾದಕರು ಯಾರು?’ ಅದಕ್ಕೆ ಉತ್ತರವಿಲ್ಲದಿದ್ದರೆ ಮಾತು ಮುಂದೆ ಹೋಗುವುದಿಲ್ಲ. ಒಂದು ಪಾಠಾಂತರದಿಂದ ಪದ್ಯದ ಅರ್ಥವೇ ಬೇರೆಯಾಗಬಹುದು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿ. ವಿಡಿಯೋ ಗೇಮ್‌ಗಳ ಬಗ್ಗೆಯೂ ಈಚೆಗೆ ಗಂಭೀರವಾದ ಬರಹಗಳು ಬರುತ್ತಿವೆ. ನಾನು ಅವನ್ನು ಆಸೆಯಿಂದ ಓದುತ್ತೇನೆ. ಆಟದ ಹೆಸರು, ಬಂದ ವರ್ಷ, ಮಾಡಿದ ಕಂಪನಿ ಎಲ್ಲವೂ ಅಲ್ಲಿರುತ್ತವೆ. ಆದರೆ ಬರೆದವರು ಅದನ್ನು ಯಾವ ಟಿವಿಗೆ, ಯಾವ ತಂತಿಯಿಂದ ಜೋಡಿಸಿ ಆಡಿದರು ಎಂಬುದು ಹೆಚ್ಚಿನ ಬರಹಗಳಲ್ಲಿ ಇರುವುದಿಲ್ಲ.

ಅದು ರಿಪೇರಿ ಅಂಗಡಿಗೆ ಬಿಡಬೇಕಾದ ವಿವರ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಕನ್ಸೋಲನ್ನು ಹೊಸ ಟಿವಿಗೆ ಜೋಡಿಸುವುದು ಒಂದು ಬಗೆಯ ಗ್ರಂಥಸಂಪಾದನೆ. ತಂತಿ ಸಿಕ್ಕಿಸುವವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಒಂದು ಪಾಠವನ್ನು ಆರಿಸಿಕೊಂಡಿರುತ್ತಾರೆ. ಆ ಪಾಠ ಕೆಟ್ಟಿದ್ದರೆ ಅದರ ಮೇಲೆ ಕಟ್ಟಿದ ವಿಮರ್ಶೆಯೂ ಕೆಡುತ್ತದೆ.

ಮೊದಲು ತಂತಿಯ ವಿಷಯವನ್ನೇ ನೋಡೋಣ. 1980–90ರ ದಶಕದ ಕನ್ಸೋಲ್‌ಗಳು ಟಿವಿಗೆ ಚಿತ್ರ ಕಳಿಸುತ್ತಿದ್ದುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಟಿವಿಯ ಹಿಂದೆ ಆ್ಯಂಟೆನಾ ಸಿಕ್ಕಿಸುವ ಜಾಗ. ನಮ್ಮ ಊರುಗಳಲ್ಲಿ ‘9999 ಇನ್ 1’ ಎಂಬ ಹಳದಿ ಕ್ಯಾಸೆಟ್ಟಿನ ಜೊತೆ ಸಿಗುತ್ತಿದ್ದ ವಿಡಿಯೋ ಗೇಮ್‌ಗಳನ್ನು ಆಡಿದವರಿಗೆ, ದೂರದರ್ಶನದ ತಂತಿ ಕಿತ್ತು ಗೇಮಿನ ತಂತಿ ಹಾಕಿ, ಚಿತ್ರ ಮೂಡುವವರೆಗೆ ಚಾನೆಲ್ ತಿರುಗಿಸುತ್ತ ಕೂತದ್ದು ನೆನಪಿರುತ್ತದೆ. ಆ ಪೆಟ್ಟಿಗೆಗಳು ಬಹುಪಾಲು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲುಗಳು. ಎರಡನೆಯ ದಾರಿ ಹಳದಿ ಪಿನ್ನಿನ ಎವಿ ಕೇಬಲ್. ಬೆಳಕನ್ನೂ ಬಣ್ಣವನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುವ ಇದಕ್ಕೆ ಕಾಂಪೊಸಿಟ್ ಎಂದು ಹೆಸರು. ಟಿವಿ ಆ ಮಿಶ್ರಣವನ್ನು ಮತ್ತೆ ಬೇರ್ಪಡಿಸಬೇಕು. ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ. ಒಂದರ ಅಂಚಿನಲ್ಲಿ ಇನ್ನೊಂದು ಚೂರು ಉಳಿದುಬಿಡುತ್ತದೆ.

ಈಗಿನ ಅನೇಕ ಟಿವಿಗಳಲ್ಲಿ ಹಳದಿ ಪಿನ್ನಿಗೆ ಜಾಗವೇ ಇಲ್ಲ, ಇರುವುದು ಎಚ್‌ಡಿಎಂಐ ಮಾತ್ರ. ಹಾಗಾಗಿ ಜನ ಅಂಗೈಯೊಳಗೆ ಹಿಡಿಸುವ ಅಗ್ಗದ ಕನ್ವರ್ಟರ್ ತಂದು ನಡುವೆ ಇಡುತ್ತಾರೆ. ಚಿತ್ರ ಬರುತ್ತದೆ, ಹೊರಗಿನಿಂದ ನೋಡಿದರೆ ಕೆಲಸ ಮುಗಿಯಿತು. ಒಳಗೆ ಏನಾಗುತ್ತದೆ ಎಂಬುದು ಬೇರೆ ಕತೆ.

ಅಮೆರಿಕ, ಜಪಾನುಗಳಲ್ಲಿದ್ದ ಎನ್‌ಟಿಎಸ್‌ಸಿ ಪದ್ಧತಿಯ ಟಿವಿ ಚಿತ್ರಕ್ಕೆ 525 ಗೆರೆಗಳು. ಅವನ್ನು ಒಮ್ಮೆಲೇ ಬರೆಯುತ್ತಿರಲಿಲ್ಲ. ಸೆಕೆಂಡಿಗೆ ಸುಮಾರು 60 ಸಲ, ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸಮ ಗೆರೆಗಳು, ಹೀಗೆ ಅರ್ಧರ್ಧವಾಗಿ ಬರೆಯುತ್ತಿದ್ದರು. ಹಳೆಯ ಕನ್ಸೋಲ್‌ಗಳು ಇಲ್ಲಿ ಒಂದು ಉಪಾಯ ಮಾಡಿದವು. ಗೆರೆಗಳ ಲೆಕ್ಕವನ್ನು ಅರ್ಧ ಗೆರೆಯಷ್ಟು ಬದಲಾಯಿಸಿ, ಪ್ರತಿ ಸಲವೂ ಅದೇ ಸ್ಥಾನದಲ್ಲೇ ಗೆರೆ ಬೀಳುವಂತೆ ನೋಡಿಕೊಂಡವು. ಇದರಿಂದ ಸೆಕೆಂಡಿಗೆ ಸುಮಾರು 30ರ ಬದಲು 60 ಪೂರ್ಣ ಚಿತ್ರಗಳು ಸಿಕ್ಕವು. ಪ್ರತಿ ಚಿತ್ರಕ್ಕೆ ಸುಮಾರು 240 ಗೆರೆ, ಗೆರೆಗಳ ನಡುವೆ ತೆಳುವಾದ ಕಪ್ಪು ಸಂದು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳು ಈ ಸಂಕೇತವನ್ನು ತಕರಾರಿಲ್ಲದೆ ಒಪ್ಪಿಕೊಂಡವು. ಹೊಸ ಟಿವಿಗಳಲ್ಲಿ ಹಲವು ಇದನ್ನು ಅರ್ಧರ್ಧ ಬಂದ ಚಿತ್ರವೆಂದೇ ತಿಳಿದು, ಒಂದರ ಹಿಂದೆ ಒಂದು ಬಂದ ಎರಡು ಬೇರೆ ಚಿತ್ರಗಳನ್ನು ಹೆಣೆದು ಒಂದು ಮಾಡುತ್ತವೆ. ಓಡುವ ಪಾತ್ರದ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಾಣುತ್ತವೆ. ಪೆಟ್ಟು ತಿಂದ ಪಾತ್ರ ಒಂದು ಚಿತ್ರದಲ್ಲಿದ್ದು ಮುಂದಿನದರಲ್ಲಿ ಮಾಯವಾಗಿ ಮಿನುಗಬೇಕು. ಇಲ್ಲಿ ಅದು ಮಿನುಗದೆ ಪಟ್ಟೆಪಟ್ಟೆಯಾಗುತ್ತದೆ, ಇಲ್ಲವೇ ಪೂರ್ತಿ ಅಳಿಸಿಹೋಗುತ್ತದೆ. ಎರಡು ಓಲೆಗರಿಗಳ ಸಾಲುಗಳನ್ನು ಒಂದರ ನಡುವೆ ಒಂದು ಸೇರಿಸಿ ನಕಲು ಮಾಡಿದ ಲಿಪಿಕಾರನ ಕೆಲಸ ಇದು.

ಇದಕ್ಕಿಂತ ಸೂಕ್ಷ್ಮವಾದ ನಷ್ಟವೂ ಉಂಟು. ನನ್ನ ಬಳಿ ಜಪಾನಿನಿಂದ ಬಂದ ಒಂದು ಸೆಗಾ ಮೆಗಾ ಡ್ರೈವ್ ಇದೆ. ಅದರಲ್ಲಿ 1991ರ ‘ಸೋನಿಕ್ ದ ಹೆಜ್‌ಹಾಗ್’ ಹಾಕಿ, ಮೊದಲನೆಯ ಹಂತದ ಜಲಪಾತದ ಮುಂದೆ ಸೋನಿಕ್‌ನನ್ನು ನಿಲ್ಲಿಸಿ, ಎರಡು ಟಿವಿಗಳಲ್ಲಿ ನೋಡಿದ್ದೇನೆ. ಒಳ್ಳೆಯ ಕೇಬಲ್ ಮತ್ತು ಪರಿವರ್ತಕ ಬಳಸಿ ಎಲ್‌ಇಡಿ ಟಿವಿಯಲ್ಲಿ ನೋಡಿದರೆ ಅಲ್ಲಿರುವುದು ನೀರಲ್ಲ, ಒಂದು ಬಿಟ್ಟು ಒಂದರಂತೆ ನಿಂತ ಲಂಬವಾದ ನೀಲಿ ಗೆರೆಗಳು, ಕಿಟಕಿಯ ಸರಳುಗಳ ಹಾಗೆ. ಅದೇ ಯಂತ್ರವನ್ನು ಹಳದಿ ಪಿನ್ನಿನಿಂದ 21 ಇಂಚಿನ ಹಳೆಯ ಟ್ಯೂಬ್ ಟಿವಿಗೆ ಜೋಡಿಸಿದರೆ ಆ ಗೆರೆಗಳು ಪಕ್ಕದ ಬಣ್ಣದೊಳಗೆ ಕರಗಿ, ಹಿಂದಿನ ಬಂಡೆ ಮಸುಕಾಗಿ ಕಾಣುವ ತಿಳಿನೀರಾಗುತ್ತವೆ. ಮೆಗಾ ಡ್ರೈವ್‌ಗೆ ಪಾರದರ್ಶಕ ಬಣ್ಣ ಹೀಗೆ ಒಂದರ ಮೇಲೊಂದು ತೋರಿಸುವ ಶಕ್ತಿ ಇರಲಿಲ್ಲ. ಯಂತ್ರಕ್ಕೆ ಆಗದ್ದನ್ನು ಕಲಾವಿದರು ಕೆಟ್ಟ ತಂತಿಯಿಂದ ಮಾಡಿಸಿದರು. ನೀರು ಕ್ಯಾಸೆಟ್ಟಿನಲ್ಲಿ ಇಲ್ಲ, ತಂತಿಯಲ್ಲೂ ಟಿವಿಯಲ್ಲೂ ಹುಟ್ಟುತ್ತದೆ.

1997ರಲ್ಲಿ ಪ್ಲೇಸ್ಟೇಷನ್ನಿಗೆ ಬಂದ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್’ನಲ್ಲಿ ಡ್ರಾಕುಲನ ಮುಖಚಿತ್ರವೂ ಹೀಗೆಯೇ. ಹೊಸ ಪರದೆಯಲ್ಲಿ ಅವನ ಕಣ್ಣು ಒಂದು ಕೆಂಪು ಚೌಕ. ಟ್ಯೂಬಿನಲ್ಲಿ ಆ ಕೆಂಪು ಸುತ್ತಲಿನ ನೆರಳಿಗೆ ಸೋರಿ, ಕಣ್ಣು ಒಳಗಿನಿಂದ ಉರಿಯುವಂತೆ ಕಾಣುತ್ತದೆ. ಒಂದೇ ಒಂದು ಚುಕ್ಕೆಗೆ ಅಷ್ಟು ಕ್ರೌರ್ಯ ಬರುವುದು ಟ್ಯೂಬಿನ ಸಹಾಯದಿಂದ.

ಟಿವಿಯನ್ನು ಬಿಟ್ಟು ಆಟವನ್ನು ಓದಲಾಗದು ಎಂಬ ಮಾತು ಹೊಸದಲ್ಲ. 2009ರಲ್ಲಿ ಬಂದ ‘ರೇಸಿಂಗ್ ದ ಬೀಮ್’ ಎಂಬ ಪುಸ್ತಕದಲ್ಲಿ ನಿಕ್ ಮಾಂಟ್‌ಫೋರ್ಟ್ ಮತ್ತು ಇಯಾನ್ ಬೋಗೋಸ್ಟ್ 1977ರ ಅಟಾರಿ ಯಂತ್ರವನ್ನು ಹೀಗೆಯೇ ಓದುತ್ತಾರೆ. ಆ ಯಂತ್ರಕ್ಕಿದ್ದ ನೆನಪು 128 ಬೈಟ್ ಮಾತ್ರ. ಇಡೀ ಚಿತ್ರವನ್ನು ಮೊದಲೇ ಬರೆದಿಟ್ಟುಕೊಳ್ಳಲು ಅದರಲ್ಲಿ ಜಾಗವಿಲ್ಲ. ಆದ್ದರಿಂದ ಟ್ಯೂಬಿನ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆ ಎಳೆಯುತ್ತಿರುವಾಗಲೇ, ಮುಂದಿನ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಂ ಓಡೋಡಿ ಹೇಳಬೇಕಿತ್ತು. ಪುಸ್ತಕದ ಹೆಸರಿನಲ್ಲಿರುವ ಓಟ ಈ ಕಿರಣದ ಜೊತೆಗಿನದು. ಅಲ್ಲಿ ಟಿವಿ ಎಂದರೆ ಬರೆದದ್ದನ್ನು ತೋರಿಸುವ ಕಾಗದವಾಗಿರದೆ, ತಾಳ ಹಾಕಿ ಬರೆಸುವ ಜೊತೆಗಾರನೇ ಆಗಿತ್ತು.

ಕನ್ನಡದ ಓದುಗರಿಗೆ ಇದು ಪರಕೀಯವಾಗಿ ಕಾಣಬೇಕಿಲ್ಲ. ಹಳೆಯ ಓಲೆಗರಿಗಳಲ್ಲಿ ಎ–ಏ, ಒ–ಓ ಭೇದವನ್ನು ಬರವಣಿಗೆಯಲ್ಲಿ ತೋರಿಸುತ್ತಿರಲಿಲ್ಲ. ಪದಗಳ ನಡುವೆ ಜಾಗವಿಲ್ಲ. ಪದ್ಯದ ಸಾಲು ಒಡೆಯದೆ ಗದ್ಯದಂತೆ ಒಂದೇ ಸಮನೆ ಬರೆದಿರುತ್ತಾರೆ. ಬರೆದವನಿಗೆ ಛಂದಸ್ಸು ಗೊತ್ತಿರಲಿಲ್ಲವೇ? ಗೊತ್ತಿತ್ತು, ಓದುವವನಿಗೂ ಗೊತ್ತಿದೆ ಎಂಬ ನಂಬಿಕೆಯೂ ಇತ್ತು. ಗರಿಯ ಮೇಲೆ ಇಲ್ಲದ ದೀರ್ಘವನ್ನು ಓದುವವನ ಕಿವಿ ತುಂಬಿಕೊಡುತ್ತಿತ್ತು. ಅದೇ ಪದ್ಯವನ್ನು ಛಂದಸ್ಸು ತಿಳಿಯದವನು ಗರಿಯಲ್ಲಿದ್ದಂತೆ ಅಕ್ಷರ ಅಕ್ಷರ ಓದಿದರೆ ಲಯ ಮುರಿಯುತ್ತದೆ, ಕವಿಗೆ ಮಾತ್ರೆಯ ಲೆಕ್ಕ ಬರುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ. ಜಲಪಾತದ ಗೆರೆಗಳನ್ನು ಎಳೆದವರ ನಂಬಿಕೆಯೂ ಈ ಲಿಪಿಕಾರನದೇ. ಗೆರೆಗಳ ನಡುವಿನದನ್ನು ಟ್ಯೂಬ್ ತುಂಬಿಕೊಡುತ್ತದೆ ಎಂದು ಅವರು ಎಣಿಸಿದ್ದರು.

ಈಗ ಎದುರುವಾದ ಕೇಳಬೇಕು. 2016ರಲ್ಲಿ ನಿಂಟೆಂಡೊ ತನ್ನ ಹಳೆಯ ಯಂತ್ರದ ಪುಟ್ಟ ಪ್ರತಿರೂಪವೊಂದನ್ನು, 30 ಆಟ ತುಂಬಿಸಿ, ಎಚ್‌ಡಿಎಂಐ ತಂತಿ ಸಮೇತ ಮಾರಿತು. ಅದರಲ್ಲಿ ಚಿತ್ರ ತೋರಿಸಲು ಮೂರು ಆಯ್ಕೆಗಳಿದ್ದವು. ಒಂದು, ಹಳೆಯ ಟಿವಿಯಂತೆ ಕಾಣಿಸುವ ಸಿಆರ್‌ಟಿ ಫಿಲ್ಟರ್. ಎರಡು, ಹಳೆಯ ಟಿವಿಯ ಅಳತೆಯಾದ 4:3. ಮೂರು, ‘ಪಿಕ್ಸೆಲ್ ಪರ್ಫೆಕ್ಟ್’. ಒಂದೇ ಪ್ರಕಾಶಕರು ಒಂದೇ ಕೃತಿಯ ಮೂರು ಪಾಠಗಳನ್ನು ಒಟ್ಟಿಗೆ ಕೊಟ್ಟ ಹಾಗಾಯಿತು. ಈ ಮೂರರಲ್ಲಿ ‘ಪರ್ಫೆಕ್ಟ್’ ಎಂಬ ಬಿರುದು ಸಿಕ್ಕಿದ್ದು ಯಾವುದಕ್ಕೆ ನೋಡಿ. ಆ ಕಾಲದಲ್ಲಿ ಮನೆಯ ಟಿವಿಯ ಮುಂದೆ ಕೂತವರು ಯಾರೂ ನೋಡಿರದ ಪಾಠಕ್ಕೆ! ಆ ಯಂತ್ರದ ಚಿತ್ರ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆ. ಪ್ರತಿ ಚುಕ್ಕೆಯನ್ನೂ ಸರಿಚೌಕವಾಗಿ ಇಟ್ಟರೆ ಚಿತ್ರ ಹೆಚ್ಚುಕಡಿಮೆ ಚೌಕವಾಗುತ್ತದೆ. ಟಿವಿ ಅದನ್ನು 4:3ರ ಅಗಲಕ್ಕೆ ಎಳೆದು ತೋರಿಸುತ್ತಿತ್ತು. ಅಂದರೆ ನಾವು ಚಿಕ್ಕಂದಿನಲ್ಲಿ ನೋಡಿದ ಮಾರಿಯೊ ಈ ‘ಪರ್ಫೆಕ್ಟ್’ ಮಾರಿಯೊಗಿಂತ ಸ್ವಲ್ಪ ದಪ್ಪ.

ಪಿಕ್ಸೆಲ್ ಪರ್ಫೆಕ್ಟ್ ಪಕ್ಷದವರ ವಾದ ಹಗುರವಾದುದಲ್ಲ. ಕ್ಯಾಸೆಟ್ಟಿನಲ್ಲಿ ಇರುವುದೇ ಕೃತಿ, ಟಿವಿ ಅದರ ಮೇಲೆ ಕೂತ ಧೂಳು, ಧೂಳು ಒರೆಸಿದರೆ ಕಲಾವಿದ ಇಟ್ಟ ಪ್ರತಿ ಚುಕ್ಕೆಯೂ ಕಾಣುತ್ತದೆ ಎನ್ನುತ್ತಾರೆ ಅವರು. ಆ ಕಾಲದ ಆಟಗಳ ಚಿತ್ರ, ವಿನ್ಯಾಸಗಳನ್ನು ಗ್ರಾಫ್ ಕಾಗದದ ಮೇಲೆ ಚೌಕ ತುಂಬಿ ಮಾಡುತ್ತಿದ್ದುದೂ ನಿಜ. ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ನೀವು ಹೇಳುವ ಆ ‘ಟ್ಯೂಬ್’ ಯಾವುದು? ಒಂದು ಮನೆಯದು 14 ಇಂಚು, ಇನ್ನೊಂದರದು 25. ಒಂದರಲ್ಲಿ ಬಣ್ಣ ಜಾಸ್ತಿ, ಇನ್ನೊಂದರಲ್ಲಿ ಮುಖಗಳೆಲ್ಲ ಹಸಿರು. ಮೂಲವೆಂಬ ಒಂದೇ ಟಿವಿ ಎಲ್ಲಿತ್ತು?

ಎಲ್ಲೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಗ್ರಂಥಸಂಪಾದನೆ ಹುಟ್ಟಿದ್ದೇ ಇಂಥ ಸಂದರ್ಭಕ್ಕಾಗಿ. ಕವಿಯ ಕೈಬರಹ ನಮಗೆ ಸಿಗುವುದಿಲ್ಲ, ಸಿಗುವುದು ಪ್ರತಿಗಳು, ಪ್ರತಿಯಲ್ಲೂ ಭೇದಗಳು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿಗಳು ಬೇರೆಬೇರೆಯಾಗಿವೆ ಎಂಬ ಕಾರಣಕ್ಕೆ ಸಂಪಾದಕ ಕೈಚೆಲ್ಲಿ ಕೂರುವುದಿಲ್ಲ. ಟ್ಯೂಬುಗಳು ನೂರು ಬಗೆಯಾಗಿದ್ದರೂ ಅವುಗಳಲ್ಲಿ ಕೆಲವು ಗುಣ ಸಮಾನವಾಗಿದ್ದವು: ಚುಕ್ಕೆಯ ಅಂಚು ಮೃದು, ಗೆರೆಗಳ ನಡುವೆ ಸಂದು, ಅಗಲ 4:3, ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. ಪಾಠವನ್ನು ಕಟ್ಟಲು ಅಷ್ಟು ಆಧಾರ ಸಾಕು. ಇನ್ನು ಕ್ಯಾಸೆಟ್ಟಿನಲ್ಲಿರುವುದೇ ಕೃತಿ ಎಂಬ ಮಾತು. ಅಲ್ಲಿರುವುದು ಚಿತ್ರದ ತುಣುಕುಗಳು, ಅಂಕಿಗಳು, ಸೂಚನೆಗಳು. ಅದನ್ನು ಇದ್ದಂತೆ ತೋರಿಸುವುದು ಓಲೆಗರಿಯನ್ನು ಅಕ್ಷರಶಃ ಅಚ್ಚುಹಾಕಿದಂತೆ. ವಿದ್ವಾಂಸರಿಗೆ ಬಹಳ ಉಪಯುಕ್ತ. ನಾನೂ ಚುಕ್ಕೆ ಎಣಿಸಲು ಅದನ್ನೇ ಬಳಸುತ್ತೇನೆ. ಆದರೆ ಅದನ್ನು ಕಾವ್ಯದ ಓದು ಎಂದು ಕರೆಯಲಾರೆ.

ಚೌಕದ ಈ ಸೌಂದರ್ಯಕ್ಕೆ ಬೇರೆಯದೇ ಆದ ಬದುಕಿದೆ. 2014ರ ‘ಶವಲ್ ನೈಟ್’ ತರಹದ ಹೊಸ ಆಟಗಳು ಹಳೆಯ ಯಂತ್ರದ ಶೈಲಿಯನ್ನು ಚೂಪಾದ ಚೌಕಗಳಲ್ಲಿ, ಅಗಲ ಪರದೆಯಲ್ಲಿ ಕಟ್ಟುತ್ತವೆ. ಅವು ಚೆನ್ನಾಗಿವೆ, ಅವಕ್ಕೆ ಆ ಚೂಪು ಒಪ್ಪುತ್ತದೆ. ನನ್ನ ತಕರಾರು ವಂಶಾವಳಿ ಬರೆಯುವವರ ಬಗ್ಗೆ. ‘ಇದು ಎಂಬತ್ತರ ದಶಕದ ನೋಟ’ ಎಂದು ವಿಮರ್ಶಕರು ಬರೆದಾಗ, ಎಂಬತ್ತರ ದಶಕಕ್ಕೆ ಇಲ್ಲದ ಒಂದು ನೋಟವನ್ನು ಅದರ ತಲೆಗೆ ಕಟ್ಟಿದಂತಾಗುತ್ತದೆ. ಕಂಪ್ಯೂಟರ್ ಮಾನಿಟರಿನಲ್ಲಿ ಎಮ್ಯುಲೇಟರ್ ಹಾಕಿ ಹಳೆಯ ಆಟಗಳನ್ನು ಆಡಿದವರ ಕಣ್ಣಿನಿಂದ ಬಂದ ನೋಟ ಅದು. ಅದಕ್ಕೂ ಚರಿತ್ರೆಯಿದೆ, ಅದನ್ನು ಅದರ ಹೆಸರಿನಲ್ಲೇ ಬರೆಯಬೇಕು.

ಇಷ್ಟು ಹೊತ್ತು ಚಿತ್ರದ ಮಾತಾಯಿತು. ಚಿತ್ರಕ್ಕಿಂತ ದೊಡ್ಡ ನಷ್ಟ ಕಾಲದ್ದು. ಹೊಸ ಟಿವಿ ತನಗೆ ಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು, ಹಿಗ್ಗಿಸಿ, ಅಂದಗೊಳಿಸಿ, ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ಆಡುವವರಿಗೆ ಹಾಗಲ್ಲ. ಹಳೆಯ ಆಟದಲ್ಲಿ ಒಂದು ಚಿತ್ರದ ಆಯುಷ್ಯ ಸೆಕೆಂಡಿನ 60ರಲ್ಲಿ ಒಂದು ಭಾಗ, ಅಂದರೆ ಸುಮಾರು 17 ಮಿಲಿಸೆಕೆಂಡ್. ಟಿವಿ ಮತ್ತು ಕನ್ವರ್ಟರ್ ಸೇರಿ 80 ಮಿಲಿಸೆಕೆಂಡ್ ನುಂಗಿದರೆ ಆಟಗಾರ ಐದು ಚಿತ್ರಗಳಷ್ಟು ಹಿಂದಿನ ಲೋಕವನ್ನು ನೋಡುತ್ತಿರುತ್ತಾನೆ. 1987ರ ‘ಮೈಕ್ ಟೈಸನ್ಸ್ ಪಂಚ್-ಔಟ್!!’ ಇಡೀ ಆಟ ಎದುರಾಳಿಯ ಭುಜದ ಒಂದು ಸಣ್ಣ ಚಲನೆಯನ್ನು ಕಂಡು ಆ ಕ್ಷಣಕ್ಕೆ ಸರಿಯುವುದರ ಮೇಲೆ ನಿಂತಿದೆ. ಅಲ್ಲಿ ಐದು ಚಿತ್ರ ಎಂದರೆ ಮುಖಕ್ಕೆ ಬಿದ್ದ ಗುದ್ದು.

‘ಹಳೆಯ ಆಟಗಳು ವಿನಾಕಾರಣ ಕ್ರೂರ, ಆಟಗಾರರ ಮೇಲೆ ಅವಕ್ಕೆ ಕರುಣೆಯಿಲ್ಲ’ ಎಂಬ ತೀರ್ಪನ್ನು ಎಷ್ಟೋ ಕಡೆ ಓದಿದ್ದೇನೆ. ಹಲವು ಆಟಗಳು ನಿಜವಾಗಿಯೂ ಕ್ರೂರವೇ. ಆದರೆ ತೀರ್ಪು ಕೊಟ್ಟವರು ಆಡಿದ್ದು ಆಟವನ್ನೋ, ಟಿವಿಯ ವಿಳಂಬವನ್ನೋ ಎಂದು ತಿಳಿಯುವುದು ಹೇಗೆ? ಅವರು ಹೇಳಿರುವುದಿಲ್ಲ. ಇದು ಅಭಿರುಚಿಯ ಮಾತಲ್ಲ, ಸಾಕ್ಷ್ಯದ ಮಾತು. ಲಿಪಿಕಾರ ಕೈಬಿಟ್ಟ ಅಕ್ಷರಕ್ಕೆ ಕವಿಯನ್ನು ಬೈದರೆ ಅದು ವಿಮರ್ಶೆಯಾಗುವುದಿಲ್ಲ.

ಕಾಲದ ಪಾಠಾಂತರ ಟ್ಯೂಬಿನ ಯುಗದಲ್ಲೂ ಇತ್ತು ಎಂಬುದನ್ನು ಇಲ್ಲಿ ಸೇರಿಸಬೇಕು. ಯುರೋಪಿನ ಬಹುಭಾಗ ಮತ್ತು ನಮ್ಮ ದೇಶ ಬಳಸಿದ್ದು ಪಾಲ್ ಪದ್ಧತಿ, ಅದು ಸೆಕೆಂಡಿಗೆ 50ರ ಲೆಕ್ಕ. 60ರ ಲೆಕ್ಕದಲ್ಲಿ ಬರೆದ ಆಟವನ್ನು ಬದಲಾಯಿಸದೆ 50ರಲ್ಲಿ ಓಡಿಸಿದರೆ ವೇಗ ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಯುರೋಪಿನ ಮೆಗಾ ಡ್ರೈವ್‌ನಲ್ಲಿ ಮೊದಲ ಸೋನಿಕ್ ಹೀಗೆ ನಿಧಾನವಾಗಿ ಓಡಿತು, ಅದರ ಸಂಗೀತವೂ ನಿಧಾನವಾಯಿತು. ಅಲ್ಲಿ ಬೆಳೆದ ಮಕ್ಕಳಿಗೆ ಅದೇ ಸೋನಿಕ್. ಅವರ ಪಾಠ ಸುಳ್ಳೆಂದು ನಾನು ಹೇಳುವುದಿಲ್ಲ. ಅದೊಂದು ಪ್ರಾದೇಶಿಕ ಪಾಠ, ಅದನ್ನು ಹಾಗೆಂದೇ ಗುರುತಿಸಬೇಕು.

ಹಾಗಾದರೆ ಜೋಡಿಸುವುದು ಹೇಗೆ? ಓಎಸ್‌ಎಸ್‌ಸಿ, ರೆಟ್ರೋಟಿಂಕ್ ಎಂಬ ಹೆಸರಿನ ಪರಿವರ್ತಕಗಳು ಹಳೆಯ ಸಂಕೇತವನ್ನು ಸರಿಯಾಗಿ ಗುರುತಿಸಿ ಎಚ್‌ಡಿಎಂಐಗೆ ಕೊಡುತ್ತವೆ. ಓಎಸ್‌ಎಸ್‌ಸಿ ಇಡೀ ಚಿತ್ರವನ್ನು ಹಿಡಿದಿಡುವ ಗೋಜಿಗೆ ಹೋಗದೆ, ಬಂದ ಗೆರೆಯನ್ನು ಆಗಲೇ ಎರಡು, ಮೂರು, ನಾಲ್ಕು ಮಾಡಿ ದಾಟಿಸುತ್ತದೆ. ಹಾಗಾಗಿ ಅದರಿಂದ ವಿಳಂಬ ಇಲ್ಲವೇ ಇಲ್ಲ ಎನ್ನಬಹುದು. ಅಳತೆಯ ಒಂದು ಲೆಕ್ಕವನ್ನೂ ಗಮನಿಸಬೇಕು. 720 ಗೆರೆಯ ಪರದೆಗೆ 240 ಸರಿಯಾಗಿ ಮೂರು ಸಲ ಹೋಗುತ್ತದೆ, 2160ಕ್ಕೆ ಒಂಬತ್ತು ಸಲ. 1080ಕ್ಕೆ ಮಾತ್ರ ನಾಲ್ಕೂವರೆ ಸಲ. ಆ ಅರ್ಧವನ್ನು ಎಲ್ಲಿ ಸೇರಿಸುವುದು? ಕೆಲವು ಗೆರೆ ದಪ್ಪ, ಕೆಲವು ತೆಳುವಾಗಿ, ಚಿತ್ರ ಸರಿದಾಗ ಅದರ ಮೈಮೇಲೆ ಅಲೆ ಓಡುತ್ತದೆ. ಮೇಲೆ ಕೆಳಗೆ ಸ್ವಲ್ಪ ಕಪ್ಪು ಜಾಗ ಬಿಟ್ಟು ನಾಲ್ಕು ಸಲಕ್ಕೆ ನಿಲ್ಲಿಸುವುದೇ ವಾಸಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಅಗಲವನ್ನು 4:3 ಮಾಡಿಟ್ಟುಕೊಂಡರೆ ಅರ್ಧ ದೋಷ ಖರ್ಚಿಲ್ಲದೆ ಕಳೆಯುತ್ತದೆ. ಇಷ್ಟೂ ಮಾಡಲಾಗದಿದ್ದರೆ ಅಗ್ಗದ ಕನ್ವರ್ಟರಿನಲ್ಲೇ ಆಡಿ, ಸಂತೋಷವಾಗಿ ಆಡಿ. ಬರೆಯುವಾಗ ಮಾತ್ರ ಅದನ್ನು ಹೇಳಿ. ಆಟದ ಹೆಸರು ಮತ್ತು ವರ್ಷದ ಪಕ್ಕದಲ್ಲಿ ಯಂತ್ರ ಯಾವ ದೇಶದ್ದು, ತಂತಿ ಯಾವುದು, ಪರದೆ ಯಾವುದು ಎಂದು ಒಂದು ಸಾಲು ಸಾಕು.

ಎಷ್ಟು ಒಳ್ಳೆಯ ಪರಿವರ್ತಕ ತಂದರೂ ದಾಟಿಸಲಾಗದ ಕೃತಿಗಳೂ ಇವೆ. ನಿಂಟೆಂಡೊದ ‘ಡಕ್ ಹಂಟ್’ 1984ರದ್ದು. ಅದರ ಪ್ಲಾಸ್ಟಿಕ್ ಬಂದೂಕು ಪರದೆಗೆ ಏನನ್ನೂ ಹಾರಿಸುವುದಿಲ್ಲ, ಪರದೆಯನ್ನು ನೋಡುತ್ತದೆ. ಕುದುರೆ ಎಳೆದ ಕೂಡಲೇ ಇಡೀ ಪರದೆ ಒಂದು ಚಿತ್ರದಷ್ಟು ಕಾಲ ಕಪ್ಪಾಗಿ, ಮುಂದಿನ ಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ನಳಿಕೆಯೊಳಗಿನ ಬೆಳಕಿನ ಕಣ್ಣಿಗೆ ಆ ಕ್ಷಣದಲ್ಲಿ ಬಿಳುಪು ಕಂಡರೆ ಗುರಿ ತಗುಲಿತೆಂದು ಅರ್ಥ. ಹೊಸ ಟಿವಿಯಲ್ಲಿ ಆ ಬಿಳುಪು ತಡವಾಗಿ ಬರುತ್ತದೆ. ಅಷ್ಟರಲ್ಲಿ ಬಂದೂಕು ಕತ್ತಲೆಯನ್ನು ನೋಡಿ ತೀರ್ಮಾನ ಮಾಡಿಯಾಗಿರುತ್ತದೆ. ಎಷ್ಟು ಹತ್ತಿರದಿಂದ ಹೊಡೆದರೂ ಒಂದು ಹಕ್ಕಿಯೂ ಬೀಳುವುದಿಲ್ಲ. ಚಿತ್ರ ಸುಂದರವಾಗಿ, ಚುಕ್ಕೆ ಚುಕ್ಕೆಯೂ ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಆಟ ಮಾತ್ರ ಅಲ್ಲಿರುವುದಿಲ್ಲ.

ಕ್ಯಾಸೆಟ್ಟುಗಳನ್ನು ಜೋಪಾನ ಮಾಡುವವರು ಇಂದು ಲೋಕದ ಎಲ್ಲ ಕಡೆ ಇದ್ದಾರೆ, ಅವುಗಳ ಒಳಗಿನ ಅಂಕಿಗಳು ಸಾವಿರಾರು ಕಂಪ್ಯೂಟರುಗಳಲ್ಲಿ ಭದ್ರವಾಗಿವೆ. ಟ್ಯೂಬ್ ಟಿವಿಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಅವು ಮತ್ತೆ ತಯಾರಾಗುವ ಸೂಚನೆ ಇಲ್ಲ. ಓಲೆಗರಿಗಳನ್ನು ಉಳಿಸಿಕೊಂಡು, ಛಂದಸ್ಸನ್ನು ಬಲ್ಲ ಕಿವಿಗಳನ್ನು ಕಳೆದುಕೊಂಡ ಕಾಲವೊಂದನ್ನು ಊಹಿಸಿಕೊಳ್ಳಿ. ವಿಡಿಯೋ ಗೇಮಿನ ವಿಮರ್ಶೆ ಹುಟ್ಟುತ್ತಿರುವುದು ಅಂಥ ಕಾಲದ ಹೊಸ್ತಿಲಲ್ಲಿ. ಹಳೆಯ ಟ್ಯೂಬ್ ಟಿವಿಯ ಮುಂದೆ ಕೂತು ಆಡಿ, ಕಂಡದ್ದನ್ನು ಬರೆದಿಡುವ ಅವಕಾಶ ಇನ್ನೂ ಕೆಲವು ವರ್ಷ ಇರುತ್ತದೆ. ಮುಂದಿನವರಿಗೆ ನಮ್ಮ ಬರಹಗಳೇ ಆಧಾರಪ್ರತಿಗಳಾಗುತ್ತವೆ. ಅವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಮೇಷ್ಟ್ರದೇ ಆಗಿರುತ್ತದೆ.